ತಾಟಿನ ಹೇಸಿಗೆ

ಅಪ್ಪಿ, ತಂಗಿ,

ಮನೆಯಲ್ಲಿ ಕರೆಯುವ ಹಾಗೆಯೇ ಇಲ್ಲಿಯೂ ಮೊಮ್ಮಕ್ಕಳಾದ ನಿಮ್ಮನ್ನು ಕರೆದಿದ್ದೇನೆ. ಶಾಲೆಯ ಹೆಸರು ಹಿಡಿದರೆ ಬೇರೆ ಯಾರಿಗೋ ಬರೆದಂತಾಗುತ್ತದೆ. ನಾನು ಬಾಯಿಬಿಟ್ಟು ಮಾತಾಡುವವಳಲ್ಲ, ನಿಮಗೆ ಗೊತ್ತು. ನಾಲ್ಕು ಜನ ಕೂತಲ್ಲಿ ನಾನು ಬಾಗಿಲ ಮರೆಗೆ ಸರಿಯುತ್ತೇನೆ. ಆದರೆ ಕೌಜಲಗಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಬರೆಯಹೊರಟಿರುವುದು ಹೇಸಿಗೆಯ ವಿಷಯ. ಊಟದ ಹೊತ್ತಿಗೆ ಓದಬೇಡಿರಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮೂಡಲಗಿಯ ಮನೆ ಬಿಟ್ಟು ಗೋಕಾಕಕ್ಕೆ ನಿಮ್ಮ ಜೊತೆ ಇರಲು ಬಂದೆ. ನಿಮ್ಮ ಅಪ್ಪ ಬೆಳಿಗ್ಗೆ ಬಸ್ಸು ಹಿಡಿದು ಅರಭಾವಿಯ ಕಾಲೇಜಿಗೆ ಕಲಿಸಲು ಹೋಗುತ್ತಿದ್ದ. ನಿಮ್ಮ ತಾಯಿಗೆ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ. ಬಂದ ಮೊದಲ ದಿನದಿಂದ ನಾನು ತಾಟಿನಲ್ಲಿ ಉಣ್ಣಲಿಲ್ಲ. ಎಡಗೈಯಲ್ಲಿ ರೊಟ್ಟಿ ಹರವಿಕೊಂಡು, ಅದರ ಮೇಲೆ ಪಲ್ಯ ಹಾಕಿಕೊಂಡು, ಅಡುಗೆಕಟ್ಟೆಗೆ ಒರಗಿ ನಿಂತು ಉಂಡೆ. ಹೊಲಕ್ಕೆ ಹೋಗುವವರೆಲ್ಲ ಹೀಗೆ ಉಣ್ಣುತ್ತಾರೆ. ಅದಕ್ಕೆ ಕೆಲವು ದಿನ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಅನ್ನಕ್ಕೆ ತಾಟು ಬೇಕು, ಅದಕ್ಕೆ ಅನ್ನ ಬಿಟ್ಟೆ. ನೀರನ್ನು ಮೇಲಿಂದ ಎತ್ತಿ ಕುಡಿದೆ.

ತಾಟು ಕಂಡರೆ ಹೊಟ್ಟೆ ತೊಳಸುತ್ತಿತ್ತು. ಎಷ್ಟು ಬೆಳಗಿದ ತಾಟಾದರೂ ಅದರ ಅಂಚಿಗೆ ಹಳದಿ ಬಣ್ಣದ ಏನೋ ಒದ್ದೆ ಅಂಟಿಕೊಂಡಂತೆ ಕಾಣುತ್ತಿತ್ತು. ನಿಮ್ಮ ತಾಯಿ ತೊಳೆದು ಬೋರಲು ಹಾಕಿದ ತಾಟುಗಳನ್ನು, ಅವಳು ಕೆಲಸಕ್ಕೆ ಹೋದ ಮೇಲೆ, ನಾನು ಮತ್ತೆ ತೆಗೆದು ಬೂದಿ ಹಾಕಿ ತಿಕ್ಕುತ್ತಿದ್ದೆ. ಬೆರಳ ಸಂದು ಒಡೆದವು. ಅವಳು ಒಂದು ದಿನ ಬೇಗ ಬಂದವಳು ಇದನ್ನು ನೋಡಿದಳು. ಏನೂ ಅನ್ನಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಅವಳು ಏನೂ ಅನ್ನದೆ ಹೋದದ್ದು ಏಕೆ ಎಂದು ನೀವು ತಿಳಿಯಬೇಕು. ನಿಮ್ಮ ತಾಯಿ ಹುಕ್ಕೇರಿ ಹತ್ತಿರದ ಹಳ್ಳಿಯ ಬೌದ್ಧರ ಮನೆಯ ಮಗಳು. ಅವರ ಹಿರಿಯರು ಬುದ್ಧನ ದಾರಿ ಹಿಡಿಯುವ ಮೊದಲೂ, ಹಿಡಿದ ಮೇಲೂ, ನಮ್ಮ ಜಾತಿಯವರು ಅವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಅವಳ ತಾಯಿ ತಂದೆ ಕಂಡವರ ಹೊಲದಲ್ಲಿ ದುಡಿದು ಅವಳನ್ನು ಓದಿಸಿದರು. ನಿಮ್ಮ ಅಪ್ಪ ಅವಳನ್ನು ಮೆಚ್ಚಿ ಮದುವೆಯಾದಾಗ ನಮ್ಮ ಬಳಗದ ಅರ್ಧ ಜನ ಬರಲಿಲ್ಲ. ನಾನು ಹೋದೆ, ನಕ್ಕೆ, ಎಲ್ಲರೊಡನೆ ಫೋಟೋಕ್ಕೂ ನಿಂತೆ. ಅಂಥ ಸೊಸೆ ತೊಳೆದ ತಾಟನ್ನು ಅತ್ತೆ ಮತ್ತೆ ತೊಳೆದರೆ, ತೊಳೆದೂ ಅದರಲ್ಲಿ ಉಣ್ಣದಿದ್ದರೆ, ಸೊಸೆ ಏನೆಂದು ತಿಳಿಯಬೇಕು?

ನನ್ನ ಅಕ್ಕ ಮಾತ್ರ ನೋಡಿದ ಕೂಡಲೇ ತಿಳಿದುಕೊಂಡಳು. ಮೇಲವಂಕಿಯಿಂದ ಬಂದವಳು ನಾನು ನಿಂತು ಉಣ್ಣುವುದನ್ನು ಕಂಡು ಹಿತ್ತಲಿಗೆ ಕರೆದೊಯ್ದಳು.

"ಚಲೋ ಹಾದಿ ಹುಡುಕೀದಿ ನೋಡ. ಜಗಳಿಲ್ಲ, ಮಾತಿಲ್ಲ, ಕೈಯಾಗ ರೊಟ್ಟಿ. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ" ಎಂದು ನನ್ನ ಭುಜ ತಟ್ಟಿ ನಕ್ಕಳು.

ಆ ನಗು ನೆನೆದರೆ ಈಗಲೂ ಮೈಮೇಲೆ ಹುಳ ಹರಿದಂತಾಗುತ್ತದೆ. ಆದರೆ ಆಗ ನಾನು 'ಹಂಗಲ್ಲ ಅಕ್ಕಾ' ಎನ್ನಲಿಲ್ಲ. ಹೊಗಳಿಸಿಕೊಂಡು ಸುಮ್ಮನೆ ನಿಂತೆ.

ಆಮೇಲೆ ನಡೆದದ್ದು ನಿನ್ನ ಸಂಗತಿ, ತಂಗಿ. ಆಗ ನಿನಗೆ ಐದು ವರ್ಷ. ನಿನಗೆ ನೆನಪಿರಲಾರದು. ನಿನ್ನ ತಾಯಿ ಒಂದು ದಿನದ ಮಟ್ಟಿಗೆ ನಿನ್ನನ್ನು ತವರಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿಯ ಆಯಿ, ನಿನ್ನ ತಾಯಿಯ ಅವ್ವ, ನಿನಗೆಂದು ಕಡಲೆಹಿಟ್ಟಿನ ಝುಣಕ ಮಾಡಿ, ಬಿಸಿ ರೊಟ್ಟಿ ತಾಟಿನಲ್ಲಿಟ್ಟು ಕೊಟ್ಟರೆ ನೀನು ತಾಟನ್ನು ಆಚೆ ತಳ್ಳಿದೆಯಂತೆ.

"ನನಗ ಕೈಯಾಗ ಕೊಡ. ಗೋಕಾಕದ ಆಯಿ ತಾಟಿನ್ಯಾಗ ಉಣ್ಣಂಗಿಲ್ಲ."

"ಯಾಕ ನನ್ನವ್ವ?"

"ತಾಟ ಹೊಲಸ ಇರ್ತಾವ."

ನಿನ್ನ ತಾಯಿ ಸಂಜೆ ಮನೆಗೆ ಬಂದವಳು ಇದನ್ನು ನನಗೆ ಹೇಳಿದ್ದು ಅಳದೆ, ಕೂಗಾಡದೆ. ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಹೇಳುವಾಗ ಹೀಗೆಯೇ ಹೇಳುತ್ತಾಳೇನೋ.

"ಅತ್ಯಾರ, ಖರೆ ಹೇಳ್ರಿ. ನಾ ತೊಳದ ತಾಟು ನಿಮಗ ಹೇಸಿಗಿ ಏನ್ರಿ?"

"ಇಲ್ಲ ಯವ್ವಾ."

"ಹಂಗಾರ ಇದರಾಗ ಉಣ್ರಿ."

ಅನ್ನ ಬೇಳೆ ಕಲಸಿದ ತಾಟನ್ನು ಮುಂದಿಟ್ಟಳು. ನಾನು ಕೈ ಹಾಕಿದೆ. ತುತ್ತು ಬಾಯಿಯ ತನಕ ಬಂತು. ಅಷ್ಟೇ. ಬಚ್ಚಲಿಗೆ ಓಡಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು.

"ನನ್ನ ಸಲುವಾಗಿ ಅಂದ್ರ ನಾ ತಡಕೋತಿದ್ದೆ ಅತ್ಯಾರ. ಇಷ್ಟ ದಿವಸ ತಡಕೊಂಡೇನಿ. ಆದ್ರ ನನ್ನ ಮಗಳು ನನ್ನ ತಾಯಿಗೆ ಹೇಸಾಕತ್ತಾಳ. ನಾಳೆ ನನಗ ಹೇಸ್ತಾಳ. ನಾಗರಪಂಚಮಿ ತನಕ ನೋಡ್ತೀನ್ರಿ. ಆಮ್ಯಾಲ ಮಕ್ಕಳನ್ನ ಕರಕೊಂಡ ಹುಕ್ಕೇರಿಗೆ ಹೋಗಾಕಿ ನಾ."

ಅಷ್ಟು ಕಠಿಣವಾಗಿ ಮಾತಾಡಿದರೂ ಮರುದಿನ ಅವಳೇ ನನ್ನನ್ನು ಹೊಟ್ಟೆಯ ಡಾಕ್ಟರ ಹತ್ತಿರ ಕರೆದೊಯ್ದಳು. ನರ್ಸಿನ ಕಣ್ಣಿಗೆ ಆ ವಾಂತಿ ನಾಟಕವೆಂದು ಕಾಣಲಿಲ್ಲವಂತೆ. ಡಾಕ್ಟರು ಎಲ್ಲ ತಪಾಸಣೆ ಮಾಡಿ, ಹೊಟ್ಟೆಯಲ್ಲಿ ಏನೂ ಇಲ್ಲ, ಮನಸ್ಸಿನವರಿಗೆ ತೋರಿಸಿರಿ ಎಂದರು.

ಮನಸ್ಸಿನವರು ಎಂದರೆ ಗುರುವಾರಕ್ಕೊಮ್ಮೆ ಧಾರವಾಡದಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ಕಲಿತ ಹೆಂಗಸರನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಮಾತಾಡಿಸಿಯೇ ವಾಸಿಮಾಡುವವರು, ಗುಳಿಗೆ ಕೊಡುವುದಿಲ್ಲ. ಅವರ ಕೋಣೆ ಒಂದು ಕರದಂಟಿನ ಅಂಗಡಿಯ ಮಾಳಿಗೆಯ ಮೇಲೆ. ಕೆಳಗೆ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಊರೆಲ್ಲ ಆಸೆಪಡುವ ಆ ವಾಸನೆ ನನಗೆ ಗಂಟಲಿಗೆ ಬಂದು ಕೂರುತ್ತಿತ್ತು. ಪರರ ಮುಂದೆ ಮನೆಯ ಮಾತು ಆಡುವುದೆಂದರೆ ನಡುಬೀದಿಯಲ್ಲಿ ಸೀರೆ ಬಿಚ್ಚಿದಷ್ಟೇ ಅಸಹ್ಯ ಎಂದುಕೊಂಡು ನಾನು ಕುರ್ಚಿಯ ತುದಿಯಲ್ಲಿ ಕೂತೆ.

ಬಾಯಾರು ಕೇಳಿದ್ದಕ್ಕೆಲ್ಲ ನಾನು "ಹೂನ್ರಿ" ಎಂದೆ. ನಮ್ಮ ಕಡೆ ಕಲಿತವರು ಏನಾದರೂ ಹೇಳಿದರೆ ಹೂನ್ರಿ ಎನ್ನುವುದೇ ಮರ್ಯಾದೆ. ಇಲ್ಲ ಎನ್ನಲು ಅವರಿಗಿಂತ ಹೆಚ್ಚು ತಿಳಿದಿರಬೇಕು.

"ಯಜಮಾನರು ಹೋದ ಮ್ಯಾಲೆ ಇದು ಸುರು ಆತೇನ್ರಿ?"

"ಹೂನ್ರಿ."

"ದಿನಾ ಅವರಿಗೆ ಬಡಿಸಿ, ಆಮ್ಯಾಲೆ ಉಣ್ತಿದ್ರಿ. ಈಗ ತಾಟ ನೋಡಿದ್ರ ಅವರ ನೆನಪ ಬರತೈತಿ. ಅದಕ್ಕ ಸಂಕಟ ಆಗತೈತಿ. ಹೌದಲ್ರಿ?"

"ಹೂನ್ರಿ."

ಬಾಯಾರ ಕಣ್ಣಲ್ಲಿ ನೀರು ಬಂತು. ಗಂಡನನ್ನು ದೇವರೆಂದು ನಂಬಿದ ಮುದುಕಿ ಎಂದುಕೊಂಡರು ಪಾಪ. ನಾನು ಮೆಟ್ಟಿಲಿಳಿದು ಬಂದು ಗಟಾರದ ಬಳಿ ಉಗುಳಿದೆ.

ಮೂರನೆಯ ಗುರುವಾರ ಅವರು ಪ್ರಶ್ನೆ ಕೇಳುವುದನ್ನು ಬಿಟ್ಟು ನನ್ನನ್ನೇ ನೋಡುತ್ತ ಕೂತರು. ಆಮೇಲೆ ಹೇಳಿದರು:

"ಅವ್ವಾರ, ಒಂದ ಮಾತು. ನೀವು ಹೂನ್ರಿ ಅಂದಾಗೊಮ್ಮೆ ನಿಮ್ಮ ಕೈ ಸೆರಗ ತಗೊಂಡ ಬಾಯಿ ಒರಸತೈತಿ. ಏನ ಒರಸಾಕತ್ತೀರಿ?"

ನಾನು ಕೈ ನೋಡಿಕೊಂಡೆ. ಸೆರಗಿನ ತುದಿ ಬೆರಳಲ್ಲೇ ಇತ್ತು, ಒದ್ದೆಯಾಗಿತ್ತು. ನನಗೆ ಗೊತ್ತೇ ಇರಲಿಲ್ಲ. ಮನಸ್ಸಿಗೆ ನಾವು ಕಾಣುವ ಭಾಗ ಒಂದಿರುತ್ತದೆ, ಅದರ ಕೆಳಗೆ ಸುಪ್ತ ಮನಸ್ಸು ಇರುತ್ತದೆ, ನಾವು ಒಲ್ಲೆ ಎಂದು ಬಿಟ್ಟದ್ದೆಲ್ಲ ಅಲ್ಲಿ ಹೋಗಿ ಕೂರುತ್ತದೆ, ಬಾಯಿ ಹೇಳದ್ದನ್ನು ಕೈಯೋ ಹೊಟ್ಟೆಯೋ ಹೇಳಿಬಿಡುತ್ತದೆ ಎಂದು ಬಾಯಾರು ತಿಳಿಸಿ ಹೇಳಿದರು. ನನಗೆ ಕೌಜಲಗಿಯ ನಮ್ಮ ಮನೆಯ ಹಗೇವು ನೆನಪಾಯಿತು. ನೆಲದಡಿ ಜೋಳ ತುಂಬಿಡುವ ಗುಂಡಿ ಅದು. ಬಾಯಿ ಮುಚ್ಚಿ ಮೇಲೆ ಮಣ್ಣು ಮೆತ್ತಿದರೆ ಅದರ ಮೇಲೆಯೇ ಜನ ಓಡಾಡುತ್ತಾರೆ. ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ಇಳಿದವನು ಅಲ್ಲೇ ಬೀಳುತ್ತಾನೆ. ಬಾಯಿ ತೆರೆದು, ದೂರ ನಿಂತು, ಗಾಳಿಯಾಡಲು ಬಿಡಬೇಕು.

ಅವತ್ತು ನಾನು ಬಾಯಿ ತೆರೆದೆ. ಈಗ ನಿಮಗೂ ಹೇಳುತ್ತೇನೆ, ನಿಮ್ಮ ಅಜ್ಜನ ವಿಷಯ, ಸಿಟ್ಟಾಗಬೇಡಿರಿ.

ಗಂಡ ಉಂಡ ತಾಟಿನಲ್ಲಿ ಹೆಂಡತಿ ಉಣ್ಣುವುದು ನಮ್ಮ ಮನೆಯ ಪದ್ಧತಿ. ಮದುವೆಯಾಗಿ ಮೂಡಲಗಿಗೆ ಬಂದ ಮೊದಲ ದಿನ ನನ್ನ ಅತ್ತೆ ಹೇಳಿದ್ದಳು: "ಗಂಡ ಉಂಡ ತಾಟ ತೊಳದ ಉಂಡ್ರ ಅವನ ಆಯುಷ್ಯ ತೊಳದಂಗ." ನಿಮ್ಮ ಅಜ್ಜ ತಂಬಾಕು ತಿನ್ನುತ್ತಿದ್ದರು. ಊಟಕ್ಕೆ ಕೂತಾಗ ಅದನ್ನು ಉಗುಳುತ್ತಿರಲಿಲ್ಲ. ದವಡೆಯಿಂದ ಉಂಡೆಯನ್ನು ತೆಗೆದು ತಾಟಿನ ಅಂಚಿಗೆ ಅಂಟಿಸಿ, ಉಂಡು, ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದರ ಹಳದಿ ರಸ ಸಾರಿಗೆ ಇಳಿಯುತ್ತಿತ್ತು. ನಾನು ಅದೇ ತಾಟಿನಲ್ಲಿ ಅನ್ನ ಬಡಿಸಿಕೊಂಡು, ಅಂಚು ನೋಡದೆ, ಉಸಿರು ಹಿಡಿದು ಉಣ್ಣುತ್ತಿದ್ದೆ. ಮೂವತ್ತಾರು ವರ್ಷ. ಒಂದು ದಿನವೂ ವಾಂತಿ ಬರಲಿಲ್ಲ. ಹೇಸಿಗೆ ಅನ್ನಿಸಿದ್ದೂ ನೆನಪಿಲ್ಲ. ಪುಣ್ಯವಂತೆ ಎಂದು ಓಣಿಯವರು ಅನ್ನುತ್ತಿದ್ದರು.

ಅವರು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಗಂಜಿ ಕುಡಿದು ತಾಟಿನಲ್ಲಿಯೇ ಕೆಮ್ಮಿದರು. ನಾನು ಆ ತಾಟನ್ನು ಬಚ್ಚಲಿಗೆ ಒಯ್ದೆ. ತೊಳೆದೆ. ಬೂದಿ ಹಾಕಿ ಮೂರು ಸಲ ತೊಳೆದೆ. ಒರೆಸಿ, ಅದರಲ್ಲಿ ಅನ್ನ ಮೊಸರು ಹಾಕಿಕೊಂಡು ಉಂಡೆ. ಅಷ್ಟು ರುಚಿಯಾದ ಊಟ ನಾನು ಉಂಡಿರಲಿಲ್ಲ. ಎಂಟು ದಿನಕ್ಕೆ ಅವರು ಹೋದರು.

ಬಾಯಾರು, ತಾಟು ತೊಳೆದದ್ದರಿಂದ ಯಾರೂ ಸಾಯುವುದಿಲ್ಲ, ಅದು ನಿಮಗೂ ಗೊತ್ತು, ಆದರೆ ನಿಮ್ಮ ಹೊಟ್ಟೆಗೆ ಗೊತ್ತಿಲ್ಲ ಎಂದರು. ಮೆಟ್ಟಿಲಿಳಿಯುವಾಗ ಮೈ ಹಗುರಾಗಿತ್ತು. ಆ ವಾರ ಪೇಟೆಯಿಂದ ಹೊಸ ತಾಟೊಂದನ್ನು ತಂದುಕೊಂಡು ಅದರಲ್ಲಿ ನಾಲ್ಕು ತುತ್ತು ಅನ್ನ ಉಂಡೆ, ಒಳಗೇ ನಿಂತಿತು. ನಿಮ್ಮ ತಾಯಿ ಅದನ್ನು ನೋಡಿದಳು. ಹೊಸ ತಾಟನ್ನೂ ನೋಡಿದಳು. ಮುಖದ ಮೇಲೆ ಏನೂ ಬದಲಾಗಲಿಲ್ಲ. ಇವಳಿಗೆ ಎಷ್ಟು ಮಾಡಿದರೂ ಸಾಲದು ಎಂದು ನಾನು ಮನಸ್ಸಿನಲ್ಲಿಯೇ ಸಿಡುಕಿದೆ. ಹೇಸಿಗೆಯ ಬೇರು ಸಿಕ್ಕಿತು, ಅದು ಸತ್ತ ಗಂಡನದು, ನನ್ನ ತಪ್ಪು ಏನೂ ಇಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೆ.

ಮುಂದಿನ ಗುರುವಾರ ಬಾಯಾರು ತಾವೇ ಸ್ವಲ್ಪ ನಾಚಿಕೊಂಡಂತೆ ಕೂತಿದ್ದರು. ಅವರಿಗೂ ಒಬ್ಬ ಗುರುಗಳಿದ್ದಾರಂತೆ, ಧಾರವಾಡದಲ್ಲಿ. ಯಾರ ಹೆಸರೂ ಹೇಳದೆ, ತಾವು ಮಾಡಿದ ಕೆಲಸವನ್ನು ತಿಂಗಳಿಗೊಮ್ಮೆ ಅವರ ಮುಂದೆ ಇಡಬೇಕಂತೆ.

"ಗಂಡನ ತಾಟಿನ ಬಗ್ಗೆ ಇಷ್ಟ ಕೇಳೀದಿ, ಸೊಸಿ ತಾಟಿನ ಬಗ್ಗೆ ಯಾಕ ಒಂದೂ ಕೇಳಲಿಲ್ಲ ಅಂತ ಬೈದ್ರು ಅವ್ವಾರ. ನಮ್ಮ ಮನ್ಯಾಗೂ ಕೆಲಸದಾಕಿ ಚಹಾದ ಕಪ್ಪು ಬ್ಯಾರೆ ಇಡ್ತೇವ್ರಿ. ಅದನ್ನ ನೋಡೂದು ಬ್ಯಾಡಂತ ನನ್ನ ಮನಸೂ ನಿಮ್ಮ ಯಜಮಾನರ ಕಡೆನ ಓಡಿತ್ತ ಕಾಣ್ತೈತಿ."

ಇಷ್ಟು ಓದಿದವರ ಸುಪ್ತ ಮನಸ್ಸೂ ಹೀಗೆ ಕಳ್ಳಾಟ ಆಡುತ್ತದೆ ಎಂದು ನನಗೆ ಬೆರಗಾಯಿತು. ಅವರು ಕೇಳಿದರು:

"ಯಜಮಾನರು ಇದ್ದಾಗ ನೀವು ಗೋಕಾಕಕ್ಕ ಮಗನ ಮನಿಗೆ ಬರ್ತಿದ್ರೆಲ್ಲ, ಆವಾಗ ಯಾವ ತಾಟಿನ್ಯಾಗ ಉಣ್ತಿದ್ರಿ?"

"ಅವರ ಮನಿ ತಾಟಿನ್ಯಾಗ" ಎಂದು ಹೇಳಲು ಬಾಯಿ ತೆರೆದೆ. ಕಣ್ಣ ಮುಂದೆ ಬಂದದ್ದು ನನ್ನ ನೀಲಿ ಕೈಚೀಲ. ಅದರ ತಳದಲ್ಲಿ ಟವೆಲಿನಲ್ಲಿ ಸುತ್ತಿದ ತಾಟು, ಒಂದು ಲೋಟ. ನಾನು ಮೂಡಲಗಿಯಿಂದ ನನ್ನ ತಾಟು ಒಯ್ಯುತ್ತಿದ್ದೆ. ಅಲ್ಲಿ ನಾನೇ ತೊಳೆದು, ಟವೆಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಮರಳುತ್ತಿದ್ದೆ. ರೂಢಿ ಐತಿ ಎಂದು ಸೊಸೆಗೆ ಹೇಳುತ್ತಿದ್ದೆ. ಅಲ್ಲಿ ತಂಬಾಕು ಇರಲಿಲ್ಲ, ಅಜ್ಜನ ಎಂಜಲು ಇರಲಿಲ್ಲ. ಅಪ್ಪಿ, ನೀನು ಹುಟ್ಟಿದಾಗ ನಿಮ್ಮ ತಾಯಿಯ ಬಾಣಂತನಕ್ಕೆ ಬಂದು ಒಂದು ತಿಂಗಳು ಇದ್ದೆ. ಆ ಇಡೀ ತಿಂಗಳು ನನ್ನ ತಾಟಿನಲ್ಲಿ ಉಂಡೆ.

ಇದನ್ನು ನಾನು ಬೇಕೆಂದು ಮುಚ್ಚಿಟ್ಟಿರಲಿಲ್ಲ. ನಿಜವಾಗಿಯೂ ಮರೆತಿದ್ದೆ. ಮರೆಯಲು ಎಷ್ಟು ಅನುಕೂಲವಾಗಿತ್ತೋ ಅಷ್ಟು ಚೆನ್ನಾಗಿ ಮರೆತಿದ್ದೆ.

"ಇಲ್ರಿ!" ಎಂದು ನಾನು ಕೂಗಿದೆ. ಆ ಕೋಣೆಯಲ್ಲಿ ನಾನು ಅಂದ ಮೊದಲ 'ಇಲ್ಲ' ಅದು. "ನಾ ಅಂಥಾಕಿ ಅಲ್ರಿ!" ಕುರ್ಚಿ ಬಿಟ್ಟು ಎದ್ದು ಬಂದುಬಿಟ್ಟೆ.

ಎರಡು ಗುರುವಾರ ಹೋಗಲಿಲ್ಲ. ಮಂಡಿ ನೋವು ಎಂದೆ. ಮಂಡಿ ನಿಜವಾಗಿಯೂ ನೋಯುತ್ತಿತ್ತು, ನನ್ನ ನೆಪಕ್ಕೆ ಮೈಯೂ ಜೊತೆ ಕೊಟ್ಟಿತ್ತು, ಅದೊಂದು ಹೇಸಿಗೆ. ಆ ಎರಡು ವಾರ ನನ್ನ ತಲೆಯಲ್ಲಿ ಓಡಾಡಿದ್ದು ಒಂದೇ ಚಿತ್ರ. ನಾನು ಐದಾರು ವರ್ಷದವಳು. ಕೌಜಲಗಿಯ ಮನೆಯ ಮುಂದೆ ಹೊಲದ ಕೆಲಸದ ಹೆಂಗಸರು ಬೊಗಸೆಯೊಡ್ಡಿ ಬಗ್ಗಿ ನಿಂತಿದ್ದಾರೆ. ನಮ್ಮ ಅವ್ವ ಎತ್ತರದಿಂದ ನೀರು ಸುರಿಯುತ್ತಾಳೆ. ಅವರು ಹೋದ ಮೇಲೆ ಅವರು ನಿಂತಿದ್ದ ನೆಲಕ್ಕೆ ನೀರು ಚೆಲ್ಲುತ್ತಾಳೆ. ತಂಬಿಗೆ ಹಿಡಿದು ನಿಂತವಳು ನಾನು. ಏಕೆ ಎಂದು ನಾನು ಕೇಳಲಿಲ್ಲ, ಅವ್ವ ಹೇಳಲೂ ಇಲ್ಲ. ಯಾರೂ ಏನೂ ಹೇಳದೆ ನಾನು ಕಲಿತೆ. ನಾನು ಏನೂ ಹೇಳದೆ, ತಂಗಿ, ನೀನು ಕಲಿತೆ.

ಪಂಚಮಿಗೆ ಹತ್ತು ದಿನವಿತ್ತು. ನಿಮ್ಮ ತಾಯಿ ಮಧ್ಯಾಹ್ನ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ನಾನು ಎದುರು ಕೂತು, ಬೆಳ್ಳುಳ್ಳಿಯನ್ನು ನೋಡುತ್ತ, ಎಲ್ಲ ಹೇಳಿದೆ. ಮೊದಲು ಅಜ್ಜನ ತಾಟು. ಅದನ್ನು ಕೇಳುವಾಗ ಅವಳ ಕೈ ನಿಂತಿತು. ಆಮೇಲೆ ಕೈಚೀಲದ ತಾಟು. ಆಗ ಅವಳ ಕೈ ಮತ್ತೆ ಸುಲಿಯತೊಡಗಿತು.

"ಚೀಲದ್ದು ನನಗ ಮೊದ್ಲಿಂದ ಗೊತ್ತಿತ್ರಿ" ಎಂದಳು. "ಬಾಣಂತನದಾಗ ಒಂದಿನ ನೀವು ಸ್ನಾನಕ್ಕ ಹೋದಾಗ ಆ ತಾಟ ತಗದು ಅದರಾಗ ಉಂಡಿದ್ದೆ. ತೊಳದು, ಟವೆಲಿನ್ಯಾಗ ಸುತ್ತಿ ಇಟ್ಟೆ. ನೀವು ಸಂಜಿಗೆ ಅದರಾಗ ಉಂಡ್ರಿ. ಏನೂ ಆಗಲಿಲ್ಲ ನಿಮಗ."

ನಾನು ಒಂದು ಬೆಳ್ಳುಳ್ಳಿ ಎಸಳು ತೆಗೆದುಕೊಂಡು ಸುಲಿಯತೊಡಗಿದೆ.

"ನಕ್ಕಿದ್ನಿ ಅವತ್ತ" ಎಂದಳು. "ಆಮ್ಯಾಲ ಹೊದ್ದಕೊಂಡ ಅತ್ತಿದ್ನಿ."

ಅವಳನ್ನು ಸಮಾಧಾನ ಮಾಡಲು ನನಗೆ ಯಾವ ಅಧಿಕಾರವಿತ್ತು? ಹುಕ್ಕೇರಿಗೆ ನಾನೂ ಬರುತ್ತೇನೆ ಎಂದೆ. "ಬರ್ರಿ. ಆದ್ರ ನಮ್ಮವ್ವಗ ಎಲ್ಲಾ ಹೇಳಿರ್ತೀನಿ" ಎಂದಳು.

ಭಾನುವಾರ ನಾನು, ನಿಮ್ಮ ತಾಯಿ, ನೀವಿಬ್ಬರು, ನಾಲ್ವರೂ ಹೋದೆವು. ಬೀಗತಿ ಬಾಗಿಲಲ್ಲಿ ನನ್ನ ಕೈಗೆ ನೀರಿನ ಲೋಟ ಕೊಟ್ಟರು. ಒಳಗೆ ಬುದ್ಧನ ಪಟದ ಕೆಳಗೆ ಚಾಪೆ ಹಾಸಿ, ಎಲ್ಲರಿಗೂ ತಾಟು ಇಟ್ಟರು. ರೊಟ್ಟಿ, ಝುಣಕ, ಅನ್ನ, ಬೇಳೆ. ಬೀಗತಿ ನನ್ನೆದುರೇ ಕೂತರು. ಹೊಲದಲ್ಲಿ ದುಡಿದ ಕೈ, ನೇರ ಮಾತು.

"ಎಲ್ಲಾ ಹೇಳ್ಯಾಳ್ರಿ ಮಗಳು, ಅಕ್ಕಾರ. ಗಂಡನ ಬಾಯಾನ ತಂಬಾಕ ಮೂವತ್ತಾರು ವರ್ಷ ಉಂಡ್ರಿ, ಹೇಸಲಿಲ್ಲ. ನಮ್ಮ ತೊಳದ ತಾಟಿಗೆ ಹೇಸಿದ್ರಿ. ಎಂಥಾ ಹೊಟ್ಟಿರಿ ನಿಮ್ದು!"

"ಅವ್ವಾ, ಸಾಕ" ಎಂದಳು ನಿಮ್ಮ ತಾಯಿ.

"ಸಾಕಂದ್ರ ಸಾಕ. ಉಣ್ರಿ ಅಕ್ಕಾರ. ಸಾವಕಾಶ ಉಣ್ರಿ, ತಾಟೇನು ಓಡಿ ಹೋಗಂಗಿಲ್ಲ."

ನಾನು ಉಂಡೆ. ಏನೋ ಬದಲಾಗಿ ಅಮೃತದಂತಾಯಿತು ಎಂದು ಬರೆಯಲು ನನಗಾಗದು. ಮೊದಲ ತುತ್ತಿಗೇ ಅಂಚು ಹಳದಿಯಾಯಿತು. ವಾಂತಿಗೆ ಮೊದಲು ಬರುವಂತೆ ಬಾಯಿ ತುಂಬ ನೀರೂರಿತು. ಅಜ್ಜನ ತಾಟಿನ ಮುಂದೆ ಹಿಡಿಯುತ್ತಿದ್ದ ಹಾಗೆ ಉಸಿರು ಹಿಡಿಯಹೋದೆ. ನೆನಪಾಗಿ ಬಿಟ್ಟೆ. ಉಸಿರಾಡುತ್ತಲೇ ಉಂಡೆ. ಝುಣಕಕ್ಕೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅದು ತಿಳಿಯಿತು. ಅನ್ನದ ಕೊನೆಯ ಅಗುಳಿನ ತನಕ ಉಂಡೆ. ಬೆವರಿನಿಂದ ರವಿಕೆ ತೊಯ್ದಿತ್ತು. ತಂಗಿ, ನೀನು ನಿನ್ನ ತುತ್ತು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದೆ. ನಾನು ಮುಗಿಸಿದ ಮೇಲೆ ನೀನು ನಿನ್ನ ತಾಟನ್ನು ಹತ್ತಿರ ಎಳೆದುಕೊಂಡೆ.

ಪಂಚಮಿ ಹೋಯಿತು, ನಿಮ್ಮ ತಾಯಿ ಮನೆ ಬಿಟ್ಟು ಹುಕ್ಕೇರಿಗೆ ಹೋಗಲಿಲ್ಲ. ಕ್ಷಮಿಸಿದೆನೆಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ. ಹೊಟ್ಟೆ ಈಗಲೂ ಕೆಲವು ದಿನ ಹಠ ಮಾಡುತ್ತದೆ. ಎಂಥ ಹೇಸಿಗೆ ಅದು, ಅಜ್ಜನದೋ ನನ್ನದೋ ಎಂದು ಕೇಳಿಕೊಂಡು, ಉಣ್ಣುತ್ತೇನೆ. ಗುರುವಾರ ಮತ್ತೆ ಹೋಗತೊಡಗಿದೆ. ಬಾಯಾರು ತಮ್ಮ ಮನೆಯ ಬೇರೆ ಕಪ್ಪನ್ನು ಏನು ಮಾಡಿದರೋ ನನಗೆ ತಿಳಿಯದು, ಅದು ಅವರ ಗುರುಗಳು ಕೇಳಬೇಕಾದ ಮಾತು.

ಈ ಹಾಳೆಗಳನ್ನು ನಿಮ್ಮ ತಾಯಿಗೆ ತೋರಿಸಿಯೇ ನಿಮಗೆ ಕೊಡುತ್ತಿದ್ದೇನೆ. ಅವಳು ಓದಿ, ಒಂದು ಕಡೆ ತಪ್ಪು ತಿದ್ದಿದ್ದಾಳೆ, ನೀವೇ ಹುಡುಕಿಕೊಳ್ಳಿರಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೆದ್ದಲು ಹತ್ತದ ಕಡೆ, ಇಬ್ಬರಲ್ಲಿ ಒಬ್ಬರು ಜೋಪಾನವಾಗಿ ಇಟ್ಟುಕೊಳ್ಳಿರಿ. ಮುಂದೆ ಯಾವತ್ತಾದರೂ ಯಾರದೋ ಮನೆಯಲ್ಲಿ, ಏಕೆಂದು ಗೊತ್ತಾಗದೆ, ನಿಮ್ಮ ಕೈ ತಾಟಿನಿಂದ ಹಿಂದೆ ಸರಿದರೆ, ಅವತ್ತು ಮನೆಗೆ ಬಂದು ಇದನ್ನು ತೆಗೆದು ಓದಿರಿ. ಅಲ್ಲಿಯ ತನಕ ಕಳೆಯಬೇಡಿರಿ.